ಶೇಕಡಾ ಲೆಕ್ಕದಲ್ಲಿ ಉಳಿದುಹೋಗುವ ವ್ಯತ್ಯಾಸ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಮರುದಿನದಿಂದ ಮಂಗಳೂರು, ಉಡುಪಿ, ಮೂಡುಬಿದಿರೆಗಳ ಪದವಿಪೂರ್ವ ಕಾಲೇಜುಗಳ ಪ್ರವೇಶ ಕೌಂಟರಿನಲ್ಲಿ ಬೇರೆ ಬೇರೆ ಮಂಡಳಿಗಳ ಅಂಕಪಟ್ಟಿಗಳು ಒಂದರ ಮೇಲೊಂದು ಬಂದು ಕೂರುತ್ತವೆ. ರಾಜ್ಯ ಮಂಡಳಿಯದು 625ಕ್ಕೆ, ಸಿಬಿಎಸ್‌ಇಯದು ಐದು ವಿಷಯ ಸೇರಿ 500ಕ್ಕೆ. ಐಸಿಎಸ್‌ಇಯ ಅಂಕಪಟ್ಟಿ ಬಂದರೆ ಯಾವ ವಿಷಯಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಮೊದಲ ಪ್ರಶ್ನೆ. ಇವೆಲ್ಲವನ್ನೂ ನೂರಕ್ಕೆ ಇಳಿಸಿ, ಒಂದೇ ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಬರೆದು, ಎಲ್ಲಿ ಸೀಟು ಮುಗಿಯಿತೋ ಅಲ್ಲಿ ಗೆರೆ ಎಳೆಯುವುದು ರೂಢಿಯಾಗಿದೆ. ಗಣಿತ ಬೋಧಿಸುವ ನಾನು ಇಂತಹ ಪಟ್ಟಿ ತಯಾರಿಸುವ ಮೇಜಿನ ಹಿಂದೆ ಹಲವು ಬೇಸಗೆಗಳನ್ನು ಕಳೆದಿದ್ದೇನೆ. 625ಕ್ಕೆ 612 ಪಡೆದ ಹುಡುಗಿಯ ಹೆಸರಿನ ಮುಂದೆ 97.92 ಎಂದೂ, 500ಕ್ಕೆ 485 ಪಡೆದ ಹುಡುಗನ ಹೆಸರಿನ ಮುಂದೆ 97.00 ಎಂದೂ ಬರೆದಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಆ ಎರಡು ಸಂಖ್ಯೆಗಳ ನಡುವಿನ 0.92 ಏನನ್ನು ಅಳೆಯುತ್ತದೆ ಎಂದು ಪೋಷಕರೊಬ್ಬರು ಕೇಳಿದರೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಆ ಪಟ್ಟಿಯಲ್ಲಿ ಇರುವುದಿಲ್ಲ.

ಶೇಕಡಾ ಲೆಕ್ಕದ ಬಗ್ಗೆ ನನಗೆ ಅಗೌರವವಿಲ್ಲ. ಅಳತೆಗಳ ನಡುವೆ ಇರುವ ವ್ಯತ್ಯಾಸ ಕೇವಲ ಮಾನದ್ದಾಗಿದ್ದರೆ ಅನುಪಾತ ಸಾಕು. ನಮ್ಮ ಹಿರಿಯರು ಅಕ್ಕಿಯನ್ನು ಮುಡಿಯಲ್ಲಿ ಕಟ್ಟುತ್ತಿದ್ದರು. ಒಂದು ಮುಡಿಗೆ 3 ಕಳಸಿಗೆ, ಅಂದರೆ 42 ಸೇರು. ಅದನ್ನು ಕಿಲೋಗೆ ತಿರುಗಿಸಿದರೆ ಅಕ್ಕಿಯೇನೂ ಬದಲಾಗುವುದಿಲ್ಲ, ಏಕೆಂದರೆ ಎರಡೂ ಅಳತೆಗಳಲ್ಲಿ ಸೊನ್ನೆಯೆಂದರೆ ಅಕ್ಕಿಯೇ ಇಲ್ಲವೆಂದು ಅರ್ಥ, ಮತ್ತು ಮೊದಲ ಸೇರಿಗೂ ನಲವತ್ತೆರಡನೆಯ ಸೇರಿಗೂ ಒಂದೇ ತೂಕ. ಪರೀಕ್ಷೆಯ ಅಂಕಕ್ಕೆ ಈ ಎರಡು ಗುಣಗಳೂ ಇಲ್ಲ. ಗಣಿತದಲ್ಲಿ ಸೊನ್ನೆ ಬಂದವನಿಗೆ ಗಣಿತದ ಜ್ಞಾನ ಸೊನ್ನೆ ಎಂದು ಯಾವ ಅಧ್ಯಾಪಕನೂ ಹೇಳಲಾರ. 35ರಿಂದ 45ಕ್ಕೆ ಏರುವ ಶ್ರಮವೂ 88ರಿಂದ 98ಕ್ಕೆ ಏರುವ ಶ್ರಮವೂ ಒಂದೇ ಎಂದು ಯಾವ ವಿದ್ಯಾರ್ಥಿಯೂ ಒಪ್ಪಲಾರ.

ಅನುಪಾತ ಎಲ್ಲಿ ಸೋಲುತ್ತದೆ ಎಂಬುದನ್ನು ನಮ್ಮ ಕರಾವಳಿಯೇ ಒಮ್ಮೆ ದೇಶಕ್ಕೆಲ್ಲ ತೋರಿಸಿಕೊಟ್ಟಿತು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣಗಳನ್ನು ಓಡಿಸುವ ಕೆಸರುಗದ್ದೆಯ ಪಥ) 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು; 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58ರ ವಿಶ್ವದಾಖಲೆಯನ್ನು ಐಕಳದ ಕೆಸರಿನಲ್ಲಿ ಮುರಿಯಲಾಗಿದೆ ಎಂಬ ಸುದ್ದಿ ಎರಡು ವಾರದೊಳಗೆ ಎಲ್ಲೆಡೆ ಹರಡಿತು. ಗೌಡರ ಓಟ ಅಸಾಮಾನ್ಯವೇ, ಅದರಲ್ಲಿ ಸಂಶಯವಿಲ್ಲ. ಕೋಣಗಳ ಎಳೆತ, ಕೆಸರು, ಸಮಯ ಅಳೆಯುವ ಕ್ರಮ ಇವುಗಳ ಚರ್ಚೆ ಆಗಲೇ ಸಾಕಷ್ಟು ನಡೆಯಿತು. ಆದರೆ ಭಾಗಾಕಾರದ ಮೇಲೆಯೇ ಏಳಬೇಕಿದ್ದ ಆಕ್ಷೇಪ ಅಷ್ಟಾಗಿ ಕೇಳಿಬರಲಿಲ್ಲ. ಬರ್ಲಿನ್‌ನ ಅದೇ ಓಟದಲ್ಲಿ ಬೋಲ್ಟ್ ಮೊದಲ 20 ಮೀಟರ್ ಮುಗಿಸಿದ್ದು 2.89 ಸೆಕೆಂಡಿನಲ್ಲಿ, 80 ಮೀಟರ್ ಮುಗಿಸಿದ್ದು 7.92 ಸೆಕೆಂಡಿನಲ್ಲಿ. ಇಪ್ಪತ್ತು ಮೀಟರಿನ ಸಮಯವನ್ನು ನೂರಕ್ಕೆ ಹಿಗ್ಗಿಸಿದರೆ 14.45 ಬರುತ್ತದೆ, ಎಂಬತ್ತು ಮೀಟರಿನದನ್ನು ಹಿಗ್ಗಿಸಿದರೆ 9.90 ಬರುತ್ತದೆ, ಅವರು ನಿಜವಾಗಿ ಓಡಿದ್ದು 9.58. ಒಬ್ಬನೇ ಓಟಗಾರ, ಒಂದೇ ಓಟ, ಮೂರು ಉತ್ತರ. ನಿಂತಲ್ಲಿಂದ ವೇಗ ಪಡೆಯುವ ಆರಂಭದ ಹೊತ್ತು ದೂರ ಹೆಚ್ಚಿದಂತೆಲ್ಲ ಹೆಚ್ಚು ಮೀಟರುಗಳಿಗೆ ಹಂಚಿಹೋಗುವುದರಿಂದ 142.5 ಮೀಟರನ್ನು ನೂರಕ್ಕೆ ಇಳಿಸಿದಾಗ ಓಟಗಾರನಿಗೆ ಅವನು ಗಳಿಸದ ಲಾಭವೊಂದು ತಾನಾಗಿ ಸೇರಿಕೊಳ್ಳುತ್ತದೆ. ಅಂಕಪಟ್ಟಿಯನ್ನು ನೂರಕ್ಕೆ ಇಳಿಸುವಾಗಲೂ ಇಂತಹ ಕಾಣದ ಲಾಭ, ಕಾಣದ ನಷ್ಟ ಎರಡೂ ಸೇರಿಕೊಳ್ಳುತ್ತವೆ.

ಮೊದಲನೆಯದು ವಿಷಯಗಳ ತೂಕಕ್ಕೆ ಸಂಬಂಧಿಸಿದ್ದು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100. ಹೀಗಾಗಿ ಒಟ್ಟು ಶೇಕಡಾದಲ್ಲಿ ಪ್ರಥಮ ಭಾಷೆಯ ಪಾಲು 20, ಗಣಿತದ ಪಾಲು 16. ಸಿಬಿಎಸ್‌ಇಯ ಐದು ವಿಷಯಗಳ ಲೆಕ್ಕದಲ್ಲಿ ಗಣಿತದ ಪಾಲು 20. ಮೂರು ಭಾಷೆಗಳನ್ನು ಕಲಿತು ಬರೆದವರ ಶೇಕಡಾವನ್ನೂ ಎರಡು ಭಾಷೆಗಳನ್ನು ಬರೆದವರ ಶೇಕಡಾವನ್ನೂ ಪಕ್ಕಪಕ್ಕದಲ್ಲಿಟ್ಟು ವಿಜ್ಞಾನ ವಿಭಾಗದ ಸೀಟು ಹಂಚುವಾಗ, ನಾವು ಹೋಲಿಸುತ್ತಿರುವುದು ವಿಜ್ಞಾನ ಕಲಿಯುವ ಸಿದ್ಧತೆಯನ್ನೋ ಭಾಷಾ ಪತ್ರಿಕೆಗಳಲ್ಲಿ ದೊರೆಯುವ ಉದಾರ ಅಂಕಗಳನ್ನೋ ಎಂದು ಹೇಳುವುದು ಕಷ್ಟ. ಪ್ರಥಮ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡರೆ 125ಕ್ಕೆ 125 ಸುಲಭ ಎಂಬ ಮಾತು ನಮ್ಮೂರಿನ ಮನೆಗಳಲ್ಲಿ ಎಂಟನೆಯ ತರಗತಿಗೆ ಸೇರಿಸುವಾಗಲೇ ಕೇಳಿಬರುತ್ತದೆ. ಅದು ಎಷ್ಟು ನಿಜವೋ ಬೇರೆ ಮಾತು, ಆದರೆ ಆ ಲೆಕ್ಕಾಚಾರಕ್ಕೆ ಜಾಗ ಮಾಡಿಕೊಟ್ಟಿರುವುದು ಒಟ್ಟು ಶೇಕಡಾದ ಮೇಲಿನ ನಮ್ಮ ಅತಿಯಾದ ಅವಲಂಬನೆಯೇ.

ಇದೇ ತೊಡಕು ಶಾಲೆಯೊಳಗಿನ ಕಿರುಪರೀಕ್ಷೆಗಳಲ್ಲೂ ಇದೆ. ಹತ್ತು ಅಂಕದ ಕಿರುಪರೀಕ್ಷೆಯಲ್ಲಿ 8, ನೂರು ಅಂಕದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ 45 ಪಡೆದ ಮಗುವಿನ ಅಂಕಗಳನ್ನು ಕೂಡಿಸಿ ಭಾಗಿಸಿದರೆ 110ಕ್ಕೆ 53, ಅಂದರೆ ಸುಮಾರು ಶೇ 48. ಎರಡನ್ನೂ ಮೊದಲು ಶೇಕಡಾಕ್ಕೆ ತಂದು ಸರಾಸರಿ ತೆಗೆದರೆ ಶೇ 62.5. ಎರಡರಲ್ಲಿ ಯಾವುದೂ ತಪ್ಪಲ್ಲ. ಮೊದಲನೆಯದು ಪ್ರತಿ ಅಂಕವೂ ಸಮಾನವೆನ್ನುತ್ತದೆ, ಎರಡನೆಯದು ಪ್ರತಿ ಪರೀಕ್ಷೆಯೂ ಸಮಾನವೆನ್ನುತ್ತದೆ. ಯಾವುದನ್ನು ಆರಿಸಿಕೊಂಡಿದ್ದೇವೆಂದು ಪ್ರಗತಿ ಪತ್ರದಲ್ಲಿ ಬರೆದರೆ ಸಾಕು.

ಎರಡನೆಯ ಮತ್ತು ಹೆಚ್ಚು ಗಂಭೀರವಾದ ವ್ಯತ್ಯಾಸವಿರುವುದು ಅಂಕಗಳ ಹರವಿನಲ್ಲಿ. ಎರಡು ಪರೀಕ್ಷೆಗಳಲ್ಲಿ ಸರಾಸರಿ ಅಂಕ 60 ಎಂದೇ ಇಟ್ಟುಕೊಳ್ಳೋಣ. ಒಂದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು 55ರಿಂದ 65ರ ಒಳಗೆ ಒತ್ತಾಗಿ ನಿಂತಿದ್ದಾರೆ, ಇನ್ನೊಂದರಲ್ಲಿ ಅಷ್ಟೇ ಪಾಲು ಮಕ್ಕಳು 40ರಿಂದ 80ರವರೆಗೆ ಹರಡಿಕೊಂಡಿದ್ದಾರೆ. ಮೊದಲನೆಯದರಲ್ಲಿ 70 ಪಡೆದವನು ಇಡೀ ಗುಂಪಿನಲ್ಲಿ ಬೆರಳೆಣಿಕೆಯವರಲ್ಲಿ ಒಬ್ಬ. ಎರಡನೆಯದರಲ್ಲಿ 70 ಪಡೆದವನು ಸಾಧಾರಣಕ್ಕಿಂತ ಸ್ವಲ್ಪ ಮೇಲಿದ್ದಾನೆ, ಅಷ್ಟೆ. ಸಂಖ್ಯಾಶಾಸ್ತ್ರದಲ್ಲಿ ಈ ಹರವನ್ನು ಮಾನಕ ವಿಚಲನೆ ಎಂಬ ಅಳತೆಯಿಂದ ಹೇಳುತ್ತಾರೆ. ಅದು ಮೊದಲ ಪರೀಕ್ಷೆಯಲ್ಲಿ 5 ಮತ್ತು ಎರಡನೆಯದರಲ್ಲಿ 20 ಆಗಿದ್ದರೆ, ಮೊದಲನೆಯವನು ಸರಾಸರಿಗಿಂತ ಎರಡು ವಿಚಲನೆಯಷ್ಟು ಮೇಲಿದ್ದಾನೆ, ಎರಡನೆಯವನು ಅರ್ಧ ವಿಚಲನೆಯಷ್ಟು. ಇಬ್ಬರ ಶೇಕಡಾ ಮಾತ್ರ ಒಂದೇ.

ನಮ್ಮ ರಾಜ್ಯದ ವೃತ್ತಿಶಿಕ್ಷಣ ಪ್ರವೇಶದ ಲೆಕ್ಕದಲ್ಲಿ ಈ ಹರವಿನ ಪ್ರಭಾವ ಸ್ಪಷ್ಟವಾಗಿ ಕಾಣುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ 300 ಅಂಕ ಮತ್ತು ಸಿಇಟಿಯ 180 ಅಂಕ, ಎರಡನ್ನೂ ಶೇಕಡಾಕ್ಕೆ ತಂದು ಅರ್ಧ–ಅರ್ಧ ತೂಕ ಕೊಡಲಾಗುತ್ತದೆ. ಕೇಳಲು ಇದು ಸಮಪಾಲು. ಆದರೆ ದಕ್ಷಿಣ ಕನ್ನಡ, ಉಡುಪಿಯ ವಿಜ್ಞಾನ ಕಾಲೇಜುಗಳಲ್ಲಿ ಸೀಟಿನ ಸ್ಪರ್ಧೆಯಲ್ಲಿರುವ ಮಕ್ಕಳ ಪಿಯುಸಿ ಅಂಕಗಳು 90ರ ಮೇಲೆ ಗುಂಪುಗಟ್ಟಿರುತ್ತವೆ, ಅದೇ ಮಕ್ಕಳ ಸಿಇಟಿ ಅಂಕಗಳು ವಿಶಾಲವಾಗಿ ಹರಡಿರುತ್ತವೆ. ಕಾಲ್ಪನಿಕ ಉದಾಹರಣೆಯೊಂದನ್ನು ನೋಡಿ: ಪಿಯುಸಿಯಲ್ಲಿ 300ಕ್ಕೆ 294, ಸಿಇಟಿಯಲ್ಲಿ 180ಕ್ಕೆ 99 ಪಡೆದವಳಿಗೆ 98 ಮತ್ತು 55ರ ಸರಾಸರಿಯಾಗಿ 76.5 ಬರುತ್ತದೆ, ಪಿಯುಸಿಯಲ್ಲಿ 276, ಸಿಇಟಿಯಲ್ಲಿ 117 ಪಡೆದವನಿಗೆ 92 ಮತ್ತು 65ರ ಸರಾಸರಿಯಾಗಿ 78.5 ಬರುತ್ತದೆ. ಪಿಯುಸಿಯಲ್ಲಿ ಆರು ಶೇಕಡಾ ಮುನ್ನಡೆ ಪಡೆಯುವುದು ಬೋರ್ಡ್ ಪರೀಕ್ಷೆಯ ಒತ್ತಾದ ಪಟ್ಟಿಯಲ್ಲಿ ಬಹಳ ದೊಡ್ಡ ಸಾಧನೆ, ಸಿಇಟಿಯ ಹರಡಿದ ಪಟ್ಟಿಯಲ್ಲಿ ಹತ್ತು ಶೇಕಡಾ ಮುನ್ನಡೆ ಅಷ್ಟು ಅಪರೂಪವಲ್ಲ; ಆದರೂ ರ‍್ಯಾಂಕ್ ನಿರ್ಧಾರವಾಗುವುದು ಎರಡನೆಯದರಿಂದ. ಕಾಗದದ ಮೇಲೆ ಎಷ್ಟೇ ತೂಕ ಬರೆದಿದ್ದರೂ ಹರವು ಹೆಚ್ಚಿರುವ ಪರೀಕ್ಷೆಯೇ ಅಂತಿಮ ಪಟ್ಟಿಯನ್ನು ಆಳುತ್ತದೆ. ಎರಡು ವರ್ಷ ಬೋರ್ಡ್ ಪರೀಕ್ಷೆಗಾಗಿ ಓದಿದ ಮಕ್ಕಳಿಗೆ ಇದನ್ನು ಯಾರೂ ಮೊದಲೇ ವಿವರಿಸಿ ಹೇಳುವುದಿಲ್ಲವೆಂಬುದು ನನ್ನ ಬಹುಕಾಲದ ವ್ಯಥೆ.

ಹರವಿನ ಜೊತೆಗೆ ಸರಾಸರಿಯೂ ಜಾರಿದರೆ ಏನಾಗುತ್ತದೆ ಎಂಬುದನ್ನು 2022 ತೋರಿಸಿತು. ಕೋವಿಡ್ ಕಾರಣದಿಂದ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿಯ ಶೇ 45, ಪ್ರಥಮ ಪಿಯುಸಿಯ ಶೇ 45, ಆಂತರಿಕ ಮೌಲ್ಯಮಾಪನದ ಶೇ 10 ಸೇರಿಸಿ ಅಂಕ ಕೊಡಲಾಯಿತು. 2,239 ವಿದ್ಯಾರ್ಥಿಗಳು 600ಕ್ಕೆ 600 ಪಡೆದರು. ಆ ತಂಡದ ಸಾವಿರಾರು ಮಂದಿ ಮರುವರ್ಷ ಮತ್ತೆ ಸಿಇಟಿ ಬರೆದಾಗ, ಪರೀಕ್ಷಾ ಪ್ರಾಧಿಕಾರ ಅವರ ಪಿಯುಸಿ ಅಂಕಗಳನ್ನು ಬದಿಗಿಟ್ಟು ಸಿಇಟಿ ಅಂಕದಿಂದ ಮಾತ್ರ ರ‍್ಯಾಂಕ್ ನೀಡಿತು. ಪ್ರಕರಣ ಹೈಕೋರ್ಟಿಗೆ ಹೋಯಿತು, ಏಕಸದಸ್ಯ ಪೀಠ ಪ್ರಾಧಿಕಾರದ ಕ್ರಮವನ್ನು ರದ್ದುಪಡಿಸಿತು. ಕೊನೆಗೆ ವಿಭಾಗೀಯ ಪೀಠದ ಮುಂದೆ ಒಪ್ಪಿಗೆಯಾದ ಸೂತ್ರದಂತೆ 2021ರ ತಂಡದ ಪಿಯುಸಿ ಅಂಕಗಳಲ್ಲಿ ಸರಾಸರಿ ಶೇ 6ರಷ್ಟು ಕಡಿತ ಮಾಡಿ ರ‍್ಯಾಂಕ್ ಪಟ್ಟಿಯನ್ನು ಪರಿಷ್ಕರಿಸಲಾಯಿತು. ಎರಡೂ ವರ್ಷದ ಅಂಕಗಳು ಅದೇ ನೂರಕ್ಕೇ ಇದ್ದವು, ಅದೇ ಮಂಡಳಿಯವೇ ಆಗಿದ್ದವು. ಹಾಗಿದ್ದೂ ಒಂದು ವರ್ಷದ 95 ಇನ್ನೊಂದು ವರ್ಷದ 95 ಅಲ್ಲವೆಂದು ಸರ್ಕಾರ ಮತ್ತು ನ್ಯಾಯಾಲಯ ಎರಡೂ ಒಪ್ಪಿಕೊಂಡಂತಾಯಿತು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ನಿಜವಾಗಿಯೇ ಪ್ರತಿಭಾವಂತರಾಗಿದ್ದವರಿಗೂ ಉದಾರ ಅಂಕದ ಲಾಭ ಪಡೆದವರಿಗೂ ಹೆಚ್ಚುಕಡಿಮೆ ಒಂದೇ ಕಡಿತ ಬಿದ್ದಿತು, ಮತ್ತು ನಿಯಮ ಹುಟ್ಟಿದ್ದು ಫಲಿತಾಂಶ ಬಂದ ಮೇಲೆ.

ಹಾಗಾದರೆ ಉತ್ತಮ ದಾರಿ ಯಾವುದು? ಮೂರು ದಾರಿಗಳು ಬಳಕೆಯಲ್ಲಿವೆ, ಮೂರಕ್ಕೂ ತಮ್ಮದೇ ಆದ ಬೆಲೆಯಿದೆ. ತಮಿಳುನಾಡು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನು ಕೈಬಿಡಲು 2006ರಲ್ಲಿ ಕಾಯ್ದೆ ತಂದಾಗ, ಪ್ರತಿ ಮಂಡಳಿಯ ಪ್ರತಿ ವಿಷಯದಲ್ಲಿ ಬಂದ ಅತಿ ಹೆಚ್ಚಿನ ಅಂಕವನ್ನು ಆ ವಿಷಯದಲ್ಲಿ ರಾಜ್ಯ ಮಂಡಳಿಯ ಅತಿ ಹೆಚ್ಚಿನ ಅಂಕಕ್ಕೆ ಸಮನೆಂದು ಹಿಡಿದು ಉಳಿದವರ ಅಂಕವನ್ನು ಅದೇ ಅನುಪಾತದಲ್ಲಿ ಏರಿಸುವ ಕ್ರಮವನ್ನು ಇಟ್ಟುಕೊಂಡಿತು. ರಾಜ್ಯ ಮಂಡಳಿಯ ಗರಿಷ್ಠ ಸಾಧನೆ 100, ಇನ್ನೊಂದು ಮಂಡಳಿಯದು 96 ಆಗಿದ್ದರೆ ಅಲ್ಲಿ 72 ಪಡೆದವನಿಗೆ 75 ಸಿಗುತ್ತದೆ. ಸರಳ, ಯಾರು ಬೇಕಾದರೂ ಮನೆಯಲ್ಲಿ ಕುಳಿತು ಪರೀಕ್ಷಿಸಬಹುದು. ಆದರೆ ಲಕ್ಷಾಂತರ ಮಕ್ಕಳ ಅಂಕ ಒಬ್ಬ ಅಗ್ರಸ್ಥಾನಿಯ ಅಂಕದ ಮೇಲೆ ನಿಲ್ಲುತ್ತದೆ. ಎಲ್ಲ ಮಂಡಳಿಗಳಲ್ಲೂ ಯಾರಾದರೊಬ್ಬರು ನೂರಕ್ಕೆ ನೂರು ಪಡೆಯುವ ಈಗಿನ ಕಾಲದಲ್ಲಿ ಆ ತಿದ್ದುಪಡಿ ಏನನ್ನೂ ತಿದ್ದುವುದಿಲ್ಲ.

ಎರಡನೆಯದು ಸರಾಸರಿ ಮತ್ತು ಮಾನಕ ವಿಚಲನೆಯ ದಾರಿ. ನೆರೆಯ ಕೇರಳ ತನ್ನ ಎಂಜಿನಿಯರಿಂಗ್ ಪ್ರವೇಶದ ಕೀಮ್ ರ‍್ಯಾಂಕ್ ಪಟ್ಟಿಗೆ ಇದನ್ನೇ ಬಳಸುತ್ತಿತ್ತು. ಪ್ಲಸ್ ಟು ಅಂಕಗಳನ್ನು ಆಯಾ ಮಂಡಳಿಯ ಸರಾಸರಿ ಮತ್ತು ಹರವಿಗೆ ತಕ್ಕಂತೆ ಮರುಹೊಂದಿಸಿದಾಗ, ಉದಾರವಾಗಿ ಅಂಕ ನೀಡುವ ರಾಜ್ಯ ಪಠ್ಯಕ್ರಮದ ಮಕ್ಕಳ ಅಂಕ ಇಳಿಯುತ್ತದೆ ಎಂಬ ದೂರು ಅಲ್ಲಿ ಬಹಳ ವರ್ಷಗಳಿಂದ ಇತ್ತು. 2025ರಲ್ಲಿ ಸರ್ಕಾರ ಸೂತ್ರವನ್ನು ಬದಲಿಸಿ ಗರಿಷ್ಠ ಅಂಕವನ್ನು ನೂರೆಂದು ಹಿಡಿಯುವ ಕ್ರಮಕ್ಕೆ ಹೋಯಿತು, ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಸಮಪಾಲಿನ ಬದಲು 5:3:2ರ ತೂಕ ಕೊಟ್ಟಿತು. ಪರೀಕ್ಷೆ ಮುಗಿದ ಮೇಲೆ, ಫಲಿತಾಂಶದ ಹೊಸ್ತಿಲಲ್ಲಿ ನಿಯಮ ಬದಲಿಸಿದ್ದನ್ನು ಕೇರಳ ಹೈಕೋರ್ಟ್ ಅದೇ ಜುಲೈಯಲ್ಲಿ ತಳ್ಳಿಹಾಕಿತು. ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂತು, ಸಾವಿರಾರು ಮಕ್ಕಳ ರ‍್ಯಾಂಕ್ ಮೇಲೆ ಕೆಳಗೆ ಆಯಿತು. ಕಾಸರಗೋಡಿನ ಎಷ್ಟೋ ಮಕ್ಕಳು ಅಲ್ಲಿಯ ಪಟ್ಟಿಯನ್ನೂ ಇಲ್ಲಿಯ ಪಟ್ಟಿಯನ್ನೂ ನೋಡಿಕೊಂಡು ಮಂಗಳೂರಿನ ಕಾಲೇಜಿಗೆ ಸೇರುವುದೋ ಬೇಡವೋ ಎಂದು ನಿರ್ಧರಿಸುವವರಾದ್ದರಿಂದ ಆ ಗೊಂದಲ ತಲಪಾಡಿಯ ಗಡಿಯಲ್ಲಿ ನಿಲ್ಲುವಂಥದ್ದಲ್ಲ. ಎರಡು ಸೂತ್ರಗಳಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆಗೆ ಅವಕಾಶವಿದೆ. ಓಟ ಮುಗಿದ ಮೇಲೆ ಗೆರೆ ಸರಿಸಬಾರದು ಎಂಬುದರಲ್ಲಿ ಚರ್ಚೆಗೆ ಅವಕಾಶವಿಲ್ಲ.

ಮೂರನೆಯದು ಪರ್ಸೆಂಟೈಲ್. ಎಂಜಿನಿಯರಿಂಗ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ 2019ರಿಂದ ಬಳಕೆಯಲ್ಲಿರುವ ಈ ಕ್ರಮದಲ್ಲಿ ಅಭ್ಯರ್ಥಿ ತನ್ನ ಪಾಳಿಯಲ್ಲಿ ಪರೀಕ್ಷೆ ಬರೆದ ಪ್ರತಿ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ಸಮನಾಗಿ ಅಥವಾ ಮುಂದೆ ಇದ್ದಾನೆ ಎಂದು ಏಳು ದಶಮಾಂಶ ಸ್ಥಾನಗಳವರೆಗೆ ಹೇಳಲಾಗುತ್ತದೆ. ಶೇಕಡಾ ಮತ್ತು ಪರ್ಸೆಂಟೈಲ್ ಒಂದೇ ಎಂದು ಭಾವಿಸುವ ಪೋಷಕರು ಈಗಲೂ ಬಹಳ ಮಂದಿ ಇದ್ದಾರೆ. ಮಗನಿಗೆ 92 ಪರ್ಸೆಂಟೈಲ್ ಬಂದಿದೆ ಎಂದರೆ ನೂರಕ್ಕೆ 92 ಅಂಕ ಬಂದಿದೆ ಎಂದು ಸಂತೋಷಪಟ್ಟು, ಆಮೇಲೆ ಸೀಟು ಸಿಗದಾಗ ಏನೋ ಅನ್ಯಾಯವಾಗಿದೆ ಎಂದು ನೊಂದುಕೊಳ್ಳುತ್ತಾರೆ. 92 ಪರ್ಸೆಂಟೈಲ್ ಎಂದರೆ ಪ್ರತಿ ನೂರರಲ್ಲಿ ಎಂಟು ಮಂದಿ ಇವನಿಗಿಂತ ಮುಂದಿದ್ದಾರೆ ಎಂದರ್ಥ. ಪರೀಕ್ಷೆ ಬರೆದವರು ಹತ್ತು ಲಕ್ಷವಾದರೆ ಮುಂದಿರುವವರು ಎಂಬತ್ತು ಸಾವಿರ. ಶೇಕಡಾ ವಿದ್ಯಾರ್ಥಿಯನ್ನು ಪ್ರಶ್ನೆಪತ್ರಿಕೆಯ ಎದುರು ನಿಲ್ಲಿಸುತ್ತದೆ, ಪರ್ಸೆಂಟೈಲ್ ಅವನನ್ನು ಉಳಿದ ವಿದ್ಯಾರ್ಥಿಗಳ ನಡುವೆ ನಿಲ್ಲಿಸುತ್ತದೆ.

ಪರ್ಸೆಂಟೈಲ್‌ನ ಬಲ ಇರುವುದು ಪ್ರಶ್ನೆಪತ್ರಿಕೆಯ ಕಷ್ಟ–ಸುಲಭವನ್ನು ಅದು ತಾನಾಗಿ ತೊಡೆದುಹಾಕುವುದರಲ್ಲಿ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ, ಏಕೆಂದರೆ ಪ್ರತಿ ಗುಂಪಿನಲ್ಲೂ ಸಮಾನ ಸಾಮರ್ಥ್ಯದ ಮಕ್ಕಳೇ ಇದ್ದಾರೆ ಎಂದು ಅದು ಮೊದಲೇ ನಂಬಿಕೊಳ್ಳಬೇಕಾಗುತ್ತದೆ. ಕಂಪ್ಯೂಟರ್ ಯಾದೃಚ್ಛಿಕವಾಗಿ ಪಾಳಿ ಹಂಚಿದಾಗ ಆ ನಂಬಿಕೆಗೆ ಆಧಾರವಿದೆ. ಮಂಡಳಿಗಳ ನಡುವೆ ಆಧಾರವಿಲ್ಲ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿಗೆ ಬೋರ್ಡ್ ಪರೀಕ್ಷೆಯ ಪರ್ಸೆಂಟೈಲ್ ಆಧಾರಿತ ಅಂಕಗಳಿಗೆ ಶೇ 40ರ ತೂಕ ಕೊಟ್ಟು, ಆಮೇಲೆ ಅದನ್ನು ಕೈಬಿಡಲಾಯಿತು. ನಮ್ಮ ಜಿಲ್ಲೆಗಳನ್ನೇ ನೋಡಿದರೆ, ರಾಜ್ಯ ಮಂಡಳಿಯ ಪಟ್ಟಿಯಲ್ಲಿ ಬೈಂದೂರಿನ ಒಳನಾಡಿನ ಸರ್ಕಾರಿ ಪ್ರೌಢಶಾಲೆಯ ಮಗುವೂ ಇದೆ, ಸುಳ್ಯದ ಕಾಡಂಚಿನಿಂದ ಬಸ್ಸು ಹಿಡಿದು ಬರುವ ಮಗುವೂ ಇದೆ, ಮಂಗಳೂರಿನ ದೊಡ್ಡ ಖಾಸಗಿ ಶಾಲೆಯ ಮಗುವೂ ಇದೆ. ಕೇಂದ್ರೀಯ ಮಂಡಳಿಗಳ ಪಟ್ಟಿಯಲ್ಲಿ ಇರುವವರು ಬಹುಪಾಲು ಶುಲ್ಕ ಕೊಡಬಲ್ಲ ಮನೆಯವರು. ಎರಡೂ ಗುಂಪಿನ ಮೇಲಿನ ಹತ್ತು ಶೇಕಡಾ ಸಮಾನವೆಂದರೆ ಕೇಂದ್ರೀಯ ಮಂಡಳಿಯ ಮಕ್ಕಳಿಗೆ ನಷ್ಟವೆಂಬ ವಾದ ಬರುತ್ತದೆ. ಸಮಾನವಲ್ಲವೆಂದರೆ ಕಡಿಮೆ ಸೌಕರ್ಯದಲ್ಲಿ ಓದಿ ಮೇಲೆ ಬಂದ ಮಗುವಿನ ಸಾಮರ್ಥ್ಯವನ್ನು ನಾವು ಮೊದಲೇ ಕಡಿಮೆ ಎಂದು ನಿರ್ಧರಿಸಿದಂತಾಗುತ್ತದೆ. ಗಣಿತ ಈ ಪ್ರಶ್ನೆಯನ್ನು ಬಿಡಿಸಲಾರದು. ಯಾವ ಸೂತ್ರವನ್ನು ಆರಿಸಿದರೂ ಅದರೊಳಗೆ ಒಂದು ಸಾಮಾಜಿಕ ತೀರ್ಮಾನ ಅಡಗಿರುತ್ತದೆ, ಅದನ್ನು ತೆಗೆದುಕೊಳ್ಳುವವರು ಅದು ತಮ್ಮ ತೀರ್ಮಾನವೆಂದು ಒಪ್ಪಿಕೊಳ್ಳಬೇಕು.

ಈ ಎಲ್ಲ ತೊಡಕಿನಿಂದ ಹೊರಬರುವ ಅತ್ಯಂತ ನೇರವಾದ ದಾರಿಯೆಂದರೆ ಹೋಲಿಸಬೇಕಾದವರಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಡುವುದು. ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆಯನ್ನು 2024ರಲ್ಲಿ ಎರಡು ಪಾಳಿಯಲ್ಲಿ ನಡೆಸಿ ಅಂಕಗಳನ್ನು ಸಾಮಾನ್ಯೀಕರಿಸಲಾಗಿತ್ತು, ಅಂದರೆ ಪತ್ರಿಕೆಗಳ ಕಷ್ಟ–ಸುಲಭಕ್ಕೆ ತಕ್ಕಂತೆ ಸರಿಹೊಂದಿಸಲಾಗಿತ್ತು. 2025ರ ಮೇ 30ರಂದು ಸುಪ್ರೀಂ ಕೋರ್ಟ್, ಎರಡು ಪ್ರಶ್ನೆಪತ್ರಿಕೆಗಳ ಕಾಠಿಣ್ಯ ಎಂದಿಗೂ ಒಂದೇ ಆಗಿರಲಾರದು, ಸಾಮಾನ್ಯೀಕರಣ ಅಪವಾದದ ಸಂದರ್ಭಕ್ಕೆ ಇರಬೇಕೇ ಹೊರತು ಪ್ರತಿ ವರ್ಷದ ವಾಡಿಕೆಯಾಗಬಾರದು ಎಂಬ ನಿಲುವು ತಳೆದು ಒಂದೇ ಪಾಳಿಯಲ್ಲಿ ಪರೀಕ್ಷೆ ನಡೆಸಲು ಸೂಚಿಸಿತು. ಅದರಂತೆ ಆಗಸ್ಟ್ 3ರಂದು ಪರೀಕ್ಷೆ ನಡೆಯಿತು. ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಮಂಗಳೂರು, ದೇರಳಕಟ್ಟೆ, ಮಣಿಪಾಲಗಳಲ್ಲಿ ಈ ತೀರ್ಪನ್ನು ಕಾದು ಕುಳಿತವರು ಕಡಿಮೆಯಿರಲಿಲ್ಲ.

ಅಂಕಗಳ ಬದಲು ಸಿಜಿಪಿಎ (ಎಲ್ಲ ವಿಷಯಗಳ ಗ್ರೇಡ್ ಅಂಕಗಳ ಸರಾಸರಿ) ಇದ್ದಾಗ ಗೊಂದಲ ಇನ್ನೊಂದು ರೂಪ ತಾಳುತ್ತದೆ. ಹತ್ತರ ಮಾಪನದಲ್ಲಿ 8.0 ಪಡೆದವರ ಶೇಕಡಾ ಎಷ್ಟು? ಹತ್ತರಿಂದ ಗುಣಿಸಿದರೆ 80. ಸಿಬಿಎಸ್‌ಇ ಹತ್ತನೆಯ ತರಗತಿಗೆ ಗ್ರೇಡ್ ಪದ್ಧತಿ ಇದ್ದಾಗ ಹೇಳಿದಂತೆ 9.5ರಿಂದ ಗುಣಿಸಿದರೆ 76. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ 2015ರ ಪಠ್ಯಕ್ರಮದವರಿಗೆ ಕೊಟ್ಟ ಸೂತ್ರದಂತೆ 0.75 ಕಳೆದು ಹತ್ತರಿಂದ ಗುಣಿಸಿದರೆ 72.5. ಸಿಬಿಎಸ್‌ಇಯ 9.5ಕ್ಕೆ ಒಂದು ಕಾರಣವಿತ್ತು: 91ರಿಂದ 100ರ ಗುಂಪಿನಲ್ಲಿದ್ದವರ ಹಿಂದಿನ ವರ್ಷಗಳ ಸರಾಸರಿ ಅಂಕ ಸುಮಾರು 95 ಇದ್ದುದರಿಂದ ಹತ್ತನ್ನು 95ಕ್ಕೆ ಸಮಮಾಡಿದ್ದರು. ಆದರೆ ಆ ಸಂಖ್ಯೆ ಆ ಮಂಡಳಿಯ ಆ ಕಾಲದ ಅಂಕಗಳಿಂದ ಹುಟ್ಟಿದ್ದು, ಎಂಜಿನಿಯರಿಂಗ್ ಪದವಿಗೆ ಅದನ್ನು ಹಾಕುವುದಕ್ಕೆ ಯಾವ ಆಧಾರವೂ ಇಲ್ಲ. ಶೇ 60 ಕಡ್ಡಾಯ ಎಂದು ಬರೆದಿರುವ ಉದ್ಯೋಗದ ಅರ್ಜಿ ತುಂಬುವಾಗ 6.5 ಸಿಜಿಪಿಎ ಇರುವ ಯುವಕ ಮೊದಲೆರಡು ಲೆಕ್ಕದಲ್ಲಿ ಅರ್ಹ, ಮೂರನೆಯದರಲ್ಲಿ 57.5 ಬಂದು ಅನರ್ಹ. ತನ್ನ ವಿಶ್ವವಿದ್ಯಾಲಯ ಲಿಖಿತವಾಗಿ ಕೊಟ್ಟ ಸೂತ್ರವನ್ನು ಬಿಟ್ಟು ಬೇರೆಯದನ್ನು ಬಳಸಿದರೆ ದಾಖಲೆ ಪರಿಶೀಲನೆಯ ದಿನ ತೊಂದರೆ ಖಚಿತ, ಆದ್ದರಿಂದ ಅಂಕಪಟ್ಟಿಯ ಹಿಂಬದಿಯನ್ನು ಮೊದಲು ಓದಬೇಕು.

ಸೊನ್ನೆಯಿಂದ ಆರಂಭವಾಗದ ಮಾಪನಗಳಿಗೂ ಇದೇ ಎಚ್ಚರಿಕೆ ಬೇಕು. ಒಂದರಿಂದ ಐದರವರೆಗಿನ ನಕ್ಷತ್ರಗಳಲ್ಲಿ ಮೂರು ಬಂದರೆ ಅದು ಶೇ 60 ಎಂದು ಹಲವರು ಬರೆಯುತ್ತಾರೆ. ಅತಿ ಕಡಿಮೆ ಕೊಡಬಹುದಾದದ್ದು ಒಂದು ಆಗಿರುವಾಗ, ಮೂರು ಇರುವುದು ಸರಿಯಾಗಿ ನಡುವೆ, ಅಂದರೆ ಶೇ 50ರಲ್ಲಿ. ಮೊದಲ ಲೆಕ್ಕದಲ್ಲಿ ಎಲ್ಲರೂ ಕನಿಷ್ಠ ನಕ್ಷತ್ರ ಕೊಟ್ಟ ಹೋಟೆಲಿಗೂ ಶೇ 20 ಸಿಗುತ್ತದೆ.

ಜಿಲ್ಲಾವಾರು ಫಲಿತಾಂಶದ ವಿಷಯದಲ್ಲಿ ನಮ್ಮವರಿಗೆ ಇರುವ ಅಭಿಮಾನ ಸಹಜವಾದದ್ದೇ, ಆದರೂ ಅಲ್ಲಿಯೂ ವರ್ಷದಿಂದ ವರ್ಷಕ್ಕೆ ಶೇಕಡಾ ಹೋಲಿಸುವಾಗ ನಿಂತು ನೋಡಬೇಕು. 2024ರ ಎಸ್‌ಎಸ್‌ಎಲ್‌ಸಿಯಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ದಕ್ಷಿಣ ಕನ್ನಡ ಶೇ 92.12ರೊಂದಿಗೆ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಉಡುಪಿ ಶೇ 89.96ರೊಂದಿಗೆ ಎರಡನೆಯದು. ಇದನ್ನು ಕಂಡು ಕರಾವಳಿಯ ಮಟ್ಟ ಕುಸಿಯಿತೆಂದು ಬರೆದವರು 2024ರಲ್ಲಿ ಕೃಪಾಂಕವನ್ನು ಶೇ 20ರವರೆಗೆ ಏರಿಸಲಾಗಿತ್ತು, 2025ರಲ್ಲಿ ಅದು ಇರಲಿಲ್ಲ ಎಂಬುದನ್ನು ಗಮನಿಸಲಿಲ್ಲ. ಒಂದೇ ವರ್ಷದೊಳಗೆ ಎರಡು ಜಿಲ್ಲೆಗಳನ್ನು ಹೋಲಿಸುವುದು ಸರಿ, ಏಕೆಂದರೆ ನಿಯಮ ಇಬ್ಬರಿಗೂ ಒಂದೇ. ಎರಡು ವರ್ಷಗಳನ್ನು ಹೋಲಿಸಬೇಕಾದರೆ ಕೃಪಾಂಕಕ್ಕೆ ಮೊದಲಿನ ಅಂಕಗಳು ಬೇಕು.

ನಮ್ಮ ಪಿಯು ಪ್ರವೇಶದ ಮಟ್ಟಿಗೆ ನಾನು ಬಹುದಿನಗಳಿಂದ ಹೇಳುತ್ತಾ ಬಂದಿರುವುದು ಇಷ್ಟು. ಕೇರಳದಂತೆ ಸಂಕೀರ್ಣ ಸೂತ್ರ ಕಟ್ಟಲು ಒಂದು ಕಾಲೇಜಿನ ಬಳಿ ಅಗತ್ಯವಾದ ದತ್ತಾಂಶ ಇರುವುದಿಲ್ಲ, ಇದೆಯೆಂದು ನಟಿಸಬಾರದು. ವಿಜ್ಞಾನದ ಸೀಟಿಗೆ ಒಟ್ಟು ಶೇಕಡಾದ ಬದಲು ಎಲ್ಲ ಮಂಡಳಿಗಳಲ್ಲೂ ಇರುವ ಗಣಿತ ಮತ್ತು ವಿಜ್ಞಾನದ ಅಂಕಗಳನ್ನು ನೋಡಬಹುದು. ಅವುಗಳಲ್ಲೂ ಆಂತರಿಕ 20 ಅಂಕಗಳನ್ನು ಬಿಟ್ಟು ಲಿಖಿತ ಪರೀಕ್ಷೆಯ 80ನ್ನು ಮಾತ್ರ ತೆಗೆದುಕೊಂಡರೆ, ಶಾಲೆಗಳು ತಮ್ಮ ಮಕ್ಕಳಿಗೆ ತಾವೇ ಕೊಟ್ಟ ಅಂಕಗಳ ಏರುಪೇರು ಕಳೆಯುತ್ತದೆ. ಅರ್ಜಿಗಳ ಸಂಖ್ಯೆಗೆ ತಕ್ಕಂತೆ ಪ್ರತಿ ಮಂಡಳಿಗೂ ಪ್ರತ್ಯೇಕ ಪಟ್ಟಿ ಮಾಡಿ ಸೀಟು ಹಂಚುವುದು ಇನ್ನೊಂದು ದಾರಿ. ಯಾವುದನ್ನು ಆರಿಸಿಕೊಂಡರೂ ಅದನ್ನು ಫಲಿತಾಂಶಕ್ಕೆ ಮೊದಲೇ, ಏಪ್ರಿಲ್ ತಿಂಗಳಿನಲ್ಲಿಯೇ ಸೂಚನಾ ಫಲಕದಲ್ಲಿ ಹಾಕಬೇಕು. ಮಗು ಯಾವ ಮಂಡಳಿಯದೆಂದು ಗೊತ್ತಾದ ಮೇಲೆ ಬರೆಯುವ ನಿಯಮ ನಿಯಮವಲ್ಲ.

ಫಲಕದಲ್ಲಿ ದಶಮಾಂಶದ ವಿಷಯವೂ ಇರಬೇಕು. ಎಸ್‌ಎಸ್‌ಎಲ್‌ಸಿಯ ಒಂದು ಅಂಕಕ್ಕೆ 0.16 ಶೇಕಡಾ, ಸಿಬಿಎಸ್‌ಇಯ ಒಂದು ಅಂಕಕ್ಕೆ 0.20. ಕಟ್-ಆಫ್ 95.5 ಎಂದಿಟ್ಟರೆ ರಾಜ್ಯ ಮಂಡಳಿಯ ಮಗುವಿಗೆ 597 ಬೇಕು, ಸಿಬಿಎಸ್‌ಇಯ ಮಗುವಿಗೆ 478. 596 ಪಡೆದವಳ ಶೇಕಡಾ 95.36. ಅದನ್ನು ಪೂರ್ಣಾಂಕಕ್ಕೆ ತಂದರೆ 95, ಒಂದು ದಶಮಾಂಶಕ್ಕೆ ತಂದರೆ 95.4, 95.5ರ ಗೆರೆಯನ್ನು ಅವಳು ಮುಟ್ಟುವುದಿಲ್ಲ. ಆದರೆ ಅದೇ ಕಾಲೇಜು ಗೆರೆಯನ್ನು 95.4 ಎಂದಿಟ್ಟರೆ, ಅವಳು ಒಳಗೋ ಹೊರಗೋ ಎಂಬುದು ಗುಮಾಸ್ತರು ಎಷ್ಟು ದಶಮಾಂಶ ಬರೆಯುತ್ತಾರೆ ಎಂಬುದರ ಮೇಲೆ ನಿಲ್ಲುತ್ತದೆ. 2025ರ ಅಕ್ಟೋಬರಿನಲ್ಲಿ ಸರ್ಕಾರ ಎಸ್‌ಎಸ್‌ಎಲ್‌ಸಿ ಉತ್ತೀರ್ಣತೆಯ ಮಟ್ಟವನ್ನು ಒಟ್ಟಾರೆ ಶೇ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ, ಪ್ರತಿ ವಿಷಯದಲ್ಲೂ ಕನಿಷ್ಠ 30 ಇರಬೇಕೆಂಬ ಷರತ್ತಿನೊಂದಿಗೆ 625ಕ್ಕೆ 206 ಅಂಕ ಸಾಕೆಂದು ಸ್ಪಷ್ಟವಾಗಿ ಹೇಳಿತು. 206ನ್ನು 625ರಿಂದ ಭಾಗಿಸಿದರೆ ಬರುವುದು 32.96. ಶೇ 33 ಎಂದಷ್ಟೇ ಬರೆದಿದ್ದರೆ 207 ಬೇಕೆಂದು ವಾದಿಸುವವರು ಇರುತ್ತಿದ್ದರು, 206 ಪಡೆದ ಮಗು ಮತ್ತೊಮ್ಮೆ ಪರೀಕ್ಷೆಗೆ ಕೂರಬೇಕಾಗುತ್ತಿತ್ತು. ಶೇಕಡಾದ ಪಕ್ಕದಲ್ಲಿ ಅಂಕವನ್ನೂ ಬರೆದದ್ದರಿಂದ ಆ ಪ್ರಶ್ನೆ ಏಳಲಿಲ್ಲ. ಪ್ರವೇಶದ ಫಲಕಗಳಲ್ಲಿಯೂ ಪ್ರತಿ ಮಂಡಳಿಯ ಎದುರು, 597 ಅಥವಾ 478 ಎಂದು, ಆ ಅಂಕವನ್ನೇ ಬರೆಯಬಹುದು.